ನೆರಡಿ

ಕಾರೆಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಸಾಮಾನು ಇಡುವ ಬೀರು ಒಂದಿತ್ತು. ಅದರ ಬೀಗದ ಕೈ ವಿಜ್ಞಾನದ ಮೇಷ್ಟ್ರ ಹತ್ತಿರ ಇರಲಿಲ್ಲ. ಹೆಡ್‌ಮೇಷ್ಟ್ರ ಜನಿವಾರದಲ್ಲಿ ಇತ್ತು.

ಕೆಲಸಕ್ಕೆ ಸೇರಿದ ದಿನವೇ ವಿಜ್ಞಾನದ ಮೇಷ್ಟ್ರು ನಂಜಯ್ಯ ಅದನ್ನು ಕೇಳಿದ್ದ. ಹೆಡ್‌ಮೇಷ್ಟ್ರು ಮೆತ್ತಗೆ ಮಾತಾಡುವವರು. ಮೆತ್ತಗೇ ಹೇಳಿದರು.

"ನೀವು ಬಾಯಲ್ಲಿ ಹೇಳಿ ಮೇಷ್ಟ್ರೇ. ಸಾಮಾನು ಹುಡುಗರು ಹಿಡಿಯಲಿ. ನೀವು ಮುಟ್ಟಿದ್ದನ್ನು ಅವರು ಮುಟ್ಟಿ, ನಾಳೆ ಅವರ ಅಪ್ಪಂದಿರು ಬಂದು ನನ್ನ ಬಾಗಿಲಲ್ಲಿ ನಿಂತರೆ ನಾನು ಯಾರಿಗೆ ಅಂತ ಉತ್ತರ ಕೊಡಲಿ?"

ಬೀರುವಿನಲ್ಲಿ ಇದ್ದದ್ದಾದರೂ ಏನು? ಲಾಳದ ಆಕಾರದ ಒಂದು ಅಯಸ್ಕಾಂತ. ಅಂಚು ಮುರಿದ ಭೂತಗನ್ನಡಿ. ಕೆಲವು ಗಾಜಿನ ನಳಿಗೆ. ಇಂಥವನ್ನೆಲ್ಲ ನಂಜಯ್ಯ ಕೊಯಮತ್ತೂರಿನಲ್ಲಿ ಟ್ರೈನಿಂಗ್ ಮಾಡುವಾಗ ಕೈಯಾರೆ ಹಿಡಿದು ಕಲಿತವನು. ಇಲ್ಲಿ ಕೈ ಕಟ್ಟಿ ನಿಂತು ಕಲಿಸಬೇಕಿತ್ತು.

ಅವನು ಇದೇ ಊರಿನವನು. ಊರಿನವನು ಅಂದರೆ ತಪ್ಪಾಗುತ್ತದೆ. ಊರಾಚೆಯ ಹೊಲಗೇರಿಯವನು. ಹನೂರಿನಿಂದ ರಾಮಾಪುರಕ್ಕೆ ಹೋಗುವ ದಾರಿ ಬಿಟ್ಟು ಕಾಡಿನ ಕಡೆಗೆ ತಿರುಗಿದರೆ ಕಾರೆಹಳ್ಳಿ. ಕೊಳ್ಳೇಗಾಲದ ಹಾಸ್ಟೆಲಿನಲ್ಲಿ ಅನ್ನ ಸಿಕ್ಕಿದ್ದರಿಂದ ಅವನು ಓದಿದ. ಆಗ ಈ ತಾಲ್ಲೂಕೆಲ್ಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿಗೆ ಹೋಗಿ, ತಮಿಳಿನಲ್ಲಿ ಪಾಠ ಕೇಳಿ ಮೇಷ್ಟ್ರಾಗಿ ಬಂದ. ಮೊದಲು ಸತ್ತೇಗಾಲಕ್ಕೆ ಹಾಕಿದರು. ಅಲ್ಲಿ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಸ್ಕೂಲಿನ ಜಗುಲಿಯಲ್ಲಿ ಮಲಗುತ್ತಿದ್ದ. ಬೆಳಿಗ್ಗೆ ಅವನು ಮಲಗಿದ ಜಾಗಕ್ಕೆ ನೀರು ಚುಮುಕಿಸುತ್ತಿದ್ದರು. ಇನ್ನೊಂದು ಊರಿಗೆ ಹಾಕಿದರು. ಅಲ್ಲೂ ಅದೇ. ಕೊನೆಗೆ ಕಾಡಂಚಿನ ಕಾರೆಹಳ್ಳಿಗೆ ವಿಜ್ಞಾನ ಕಲಿಸಲು ಯಾರೂ ಬರಲೊಲ್ಲರು ಎಂದಾಗ ಅವನನ್ನು ಅವನ ಊರಿಗೇ ಕಳಿಸಿದರು. ಸ್ವಾತಂತ್ರ್ಯ ಬಂದು ಐದಾರು ವರ್ಷ ಆಗಿತ್ತು.

ಮೊದಲ ದಿನ ಕ್ಲಾಸಿನಲ್ಲಿ ಕುರ್ಚಿಯ ಮೇಲೆ ಕೂತ. ಮಾರನೆಯ ಬೆಳಿಗ್ಗೆ ಬಂದಾಗ ಕುರ್ಚಿ ಬಿಸಿಲಲ್ಲಿತ್ತು. ತೊಳೆದು ಒಣಗಲು ಇಟ್ಟಿದ್ದರು. ಆಮೇಲೆ ಅವನು ಕೂರಲಿಲ್ಲ. ಇಡೀ ದಿನ ಸಾಲುಗಳ ನಡುವೆ ಓಡಾಡುತ್ತಲೇ ಪಾಠ ಹೇಳುತ್ತಿದ್ದ. ಸಂಜೆ ಕಾಲು ಸೆಳೆಯುತ್ತಿತ್ತು. ಮನೆಗೆ ಬಂದರೂ ಕೂರಲು ಮನಸ್ಸು ಬರುತ್ತಿರಲಿಲ್ಲ.

ಬೀರುವಿನ ಆಸೆ ಬಿಟ್ಟ. ಹುಡುಗರನ್ನು ಹೊರಗೆ ಕರೆದುಕೊಂಡು ಹೋದ. ಬಯಲಲ್ಲಿ ಕೋಲು ನೆಟ್ಟು ನೆರಳು ಅಳೆಸಿದ. ಗೆದ್ದಲ ಹುತ್ತದ ಒಂದು ಮೂಲೆ ಕೆಡವಿಸಿ, ಗೆದ್ದಲು ಅದನ್ನು ಹೇಗೆ ಮುಚ್ಚುತ್ತದೆ ಎಂದು ನೋಡುತ್ತ ಕೂರಲು ಹೇಳಿದ. ಸುಣ್ಣದ ತಿಳಿನೀರನ್ನು ತೆಂಗಿನ ಚಿಪ್ಪುಗಳಿಗೆ ಬಗ್ಗಿಸಿ, ಒಬ್ಬೊಬ್ಬರ ಕೈಗೂ ಒಂದು ಪರಂಗಿ ದಂಟು ಕೊಟ್ಟು ಊದಿಸಿದ. ಎಲ್ಲರ ಚಿಪ್ಪಿನ ನೀರೂ ಹಾಲಿನಂತೆ ಬೆಳ್ಳಗಾಯಿತು. ಲಿಂಗ ಕಟ್ಟಿದವರ ಮನೆಯ ಹುಡುಗ ಊದಿದ್ದೂ, ಕೇರಿಯ ಹುಡುಗ ಊದಿದ್ದೂ. ಹುಡುಗರು ಒಬ್ಬರ ಚಿಪ್ಪು ಒಬ್ಬರು ಇಣುಕಿ ನೋಡಿಕೊಂಡರು.

ದಿನಾ ಕ್ಲಾಸು ಶುರುವಾಗುವುದು ಒಂದೇ ರೀತಿ. ನಿನ್ನೆ ಸಂಜೆಯಿಂದ ಈಚೆಗೆ ಏನು ಕಂಡಿರಿ, ಹೇಳಿ. ಯಾರೋ ಹೇಳಿದ್ದು ಬೇಡ, ಪುಸ್ತಕದ್ದು ಬೇಡ. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ತಡೆಯುವುದೇ ಕಷ್ಟವಾಯಿತು. ಹಾವಿನ ಪೊರೆ, ಹಗಲಲ್ಲಿ ಕಂಡ ಚಂದ್ರ, ರೇಷ್ಮೆಗೂಡು ಕೊರೆದು ಬಂದ ಚಿಟ್ಟೆ. ಬೇರೆ ಮೇಷ್ಟ್ರುಗಳು ಅದನ್ನು ಹರಟೆ ಕ್ಲಾಸು ಎನ್ನುತ್ತಿದ್ದರು.

ಆ ವರ್ಷ ಮುಂಗಾರು ಬಿದ್ದು ಹಸಿರು ಚಿಗುರಿದ ವಾರ. ಏಳನೆಯ ಕ್ಲಾಸು. ಚನ್ನಾಜಿ ಎದ್ದು ನಿಂತಳು. ಊರಿನ ದೊಡ್ಡ ಜಮೀನುದಾರ ರುದ್ರಸ್ವಾಮಿಯ ಕೊನೆಯ ಮಗಳು.

"ನಮ್ ಬಿಳಿ ಎತ್ತು ಸತ್ತೋಯ್ತು ಸಾ."

"ಏನು ಕಂಡೆ, ಅದನ್ನು ಹೇಳು."

"ನೆನ್ನೆ ಸಂಜೆ ಚೆಂದಾಗಿ ಮೇಯ್ತಿತ್ತು. ಬೆಳಗ್ಗೆ ನಡುಗ್ತಾ ನಿಂತಿತ್ತು. ಬಿದ್ದೋಯ್ತು. ಒಟ್ಟೆ ಉಬ್ಬೋಗದೆ. ಮೂಗಲ್ಲಿ ರಕ್ತ ಬತ್ತಾ ಅದೆ ಸಾ. ಕಪ್ಪಗೆ. ಎಪ್ಪುಗಟ್ನೇ ಇಲ್ಲ, ನೀರ್ನಂಗೆ ಅರೀತಾನೇ ಅದೆ."

ಓಡಾಡುತ್ತಿದ್ದ ನಂಜಯ್ಯ ನಿಂತ.

"ಅದನ್ನು ಯಾರಾದರೂ ಮುಟ್ಟಿದರಾ?"

"ಅಪ್ಪ ಬಿದ್ರು ಗೊಟ್ಟದಲ್ಲಿ ಅದ್ರ ಬಾಯ್ಗೆ ಔಸ್ತಿ ಉಯ್ಯುದ್ರು. ಅದ್ರ ಅಲ್ಲು ಅಪ್ಪನ ಕೈಗೆ ತಾಕ್ಬುಡ್ತು."

"ಈಗ ಎತ್ತು ಎಲ್ಲಿದೆ?"

"ಕೊರಕಲ್ ತಾವ ಎಳ್ಕಂಡ್ ಓದ್ರು ಸಾ. ದೇವಣ್ಣ ಬಂದವ್ನೆ, ಚರ್ಮ ಸುಲಿಯಕೆ."

ದೇವಣ್ಣ ನಂಜಯ್ಯನ ಒಡಹುಟ್ಟಿದ ಅಣ್ಣ.

ಯಾರೂ ಆ ಕಡೆ ಬರಬಾರದು ಎಂದು ಹೇಳಿ ನಂಜಯ್ಯ ಓಡಿದ. ಹೆಡ್‌ಮೇಷ್ಟ್ರು ಕೂಗಿದ್ದು ಕೇಳಿಸಿತು. ನಿಲ್ಲಲಿಲ್ಲ.

ಕಾಯಿಲೆ ಯಾವುದೆಂದು ತಿಳಿಯಲು ಅವನು ಆ ಎತ್ತನ್ನು ನೋಡಬೇಕಾಗಿರಲಿಲ್ಲ. ಕೊಯಮತ್ತೂರಿನಲ್ಲಿ ಒಂದು ಮಧ್ಯಾಹ್ನ ದನದ ಕಾಯಿಲೆಗಳ ಪಾಠ ನಡೆದಿತ್ತು. ಅಲ್ಲಿನ ಮೇಷ್ಟ್ರು ಒಂದು ಕಾಯಿಲೆಗೆ ತಮಿಳಿನಲ್ಲಿ ಅಡೈಪ್ಪಾನ್ ಎಂದರು. ನಮ್ಮ ಕಡೆ ನೆರಡಿ ಅನ್ನುವುದು ಅದನ್ನೇ. ದನ ಇದ್ದಕ್ಕಿದ್ದಂತೆ ಸಾಯುತ್ತದೆ. ರಕ್ತ ಕಪ್ಪಗಿರುತ್ತದೆ, ಹೆಪ್ಪುಗಟ್ಟುವುದಿಲ್ಲ. ಅದನ್ನು ಕೊಯ್ದವನ ಮೈಮೇಲೆ ಮೊದಲು ನವೆ, ಆಮೇಲೆ ನೀರುಗುಳ್ಳೆ, ಆಮೇಲೆ ಇದ್ದಲಿನಂಥ ಕರಿ ಹುಣ್ಣು. ಸುತ್ತ ಊದಿಕೊಳ್ಳುತ್ತದೆ. ನೋವು ಮಾತ್ರ ಇರುವುದಿಲ್ಲ. ಇಷ್ಟು ಕೇಳುವಷ್ಟರಲ್ಲಿ ನಂಜಯ್ಯ ಎದ್ದು ಹೊರಗೆ ಹೋಗಿದ್ದ. ಮತ್ತೆ ಒಳಗೆ ಬಂದು ಉಳಿದದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡಿದ್ದ. ಅವರು ಹೇಳುತ್ತಿದ್ದದ್ದು ಅವನ ಅಪ್ಪನ ತೋಳು.

ಅಪ್ಪ ಸುಲಿದದ್ದೂ ರುದ್ರಸ್ವಾಮಿಯ ಮನೆಯ ಎತ್ತನ್ನೇ. ಸುಲಿ ಎಂದವನು ರುದ್ರಸ್ವಾಮಿಯ ಅಪ್ಪ. ತೋಳು ಕಪ್ಪಾದ ಮೇಲೆ, ಅದು ಮಾರಿಗೆ ಬಿಟ್ಟ ಎತ್ತು, ಅದರ ಮೇಲೆ ಆಸೆಪಟ್ಟು ಕತ್ತಿ ಇಟ್ಟ, ಮಾರಮ್ಮ ತನ್ನ ಸಿಟ್ಟು ತೋರಿಸಿದಳು ಎಂದವನೂ ಅವನೇ. ಊರು ಅದನ್ನೇ ನಂಬಿತು. ಕೇರಿಯೂ ನಂಬಿತು. ಅಪ್ಪನಿಗೆ ನೀರು ಕೊಡಲೂ ಯಾರೂ ಬರಲಿಲ್ಲ. ಅಪ್ಪ ಸತ್ತ ಮೇಲೆ ಅಪ್ಪನ ಕತ್ತಿ ದೇವಣ್ಣನ ಸೊಂಟಕ್ಕೆ ಬಂತು.

ಕೊರಕಲಿನಲ್ಲಿ ಎತ್ತು ಮಲಗಿತ್ತು. ನಾಲ್ಕು ಕಾಲೂ ಸೆಟೆದು ಮೇಲೆ ನಿಂತಿದ್ದವು. ದೇವಣ್ಣ ಕಲ್ಲಿನ ಮೇಲೆ ಕತ್ತಿ ಮಸೆಯುತ್ತಿದ್ದ. ಕೇರಿಯ ಇಬ್ಬರು ಹಗ್ಗ ಬಿಚ್ಚುತ್ತಿದ್ದರು. ಹೆಂಗಸರು ಕುಕ್ಕೆ ಹಿಡಿದು ದೂರದಲ್ಲಿ ಕೂತಿದ್ದರು.

"ಅಣ್ಣ, ಕತ್ತಿ ಇಕ್ಕಬ್ಯಾಡ."

"ಇಸ್ಕೂಲ್ ಬುಟ್ಟು ಯಾಕ್ಲಾ ಬಂದೆ?"

"ಇದು ನೆರಡಿ ಕಣಣ್ಣ. ಕುಯ್ದ್ರೆ ನಿಂಗೂ ಬತ್ತದೆ. ತಿಂದೋರ್ಗೂ ಬತ್ತದೆ."

ದೇವಣ್ಣ ಮಸೆಯುವುದನ್ನು ನಿಲ್ಲಿಸಲಿಲ್ಲ.

"ನೆರಡಿನೋ ಗಿರಡಿನೋ. ಕೇರೀಲಿ ಒಲೆ ಒತ್ತುಸಿ ಏಸ್ ದಿನ ಆಯ್ತು, ಗೊತ್ತಾ ನಿಂಗೆ? ಆ ಎಂಗುಸ್ರ ಮಕ ನೋಡು. ನಿಂಗಾದ್ರೆ ಸಂಬ್ಳ ಬತ್ತದೆ. ಇವ್ರಿಗೆ ಏನ್ ಬತ್ತದೆ?"

ಅಣ್ಣ ಹೇಳಿದ್ದು ನಿಜ. ಕೇರಿಯಲ್ಲಿ ಸತ್ತ ದನ ಅಂದರೆ ಆ ದಿನದ ಊಟ. ಊಟದ ಮುಂದೆ ನಿಂತು ಕಾಯಿಲೆಯ ಹೆಸರು ಹೇಳುವುದು ನಂಜಯ್ಯನಿಗೇ ನಾಚಿಕೆ ಎನಿಸಿತು. ಆದರೂ ಹೋಗಿ ಅಣ್ಣನ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಅಪ್ಪನ ಪಕ್ಕ ಕೂತಿದ್ದೋನು ನೀನೇಯ. ನಾನು ಚಿಕ್ಕೋನು. ತೋಳು ಕರ್ರಗೆ ಆಗಿ ಬಾತ್ಕಂಡಿತ್ತು. ನೋಯ್ತದಾ ಅಂತ ನೀ ಕೇಳ್ದೆ. ಅಪ್ಪ ಏನಂತು?"

ಕತ್ತಿ ಕಲ್ಲಿನ ಮೇಲೆ ನಿಂತಿತು.

"ಹೇಳಣ್ಣ."

"ನೋವೇ ಇಲ್ಲ ಕಣ್ ಮಗ, ಅಂತು."

"ಆ ಎತ್ತಿನ ಮೂಗಲ್ಲಿ ಎಂಥ ರಕ್ತ ಇತ್ತು?"

ದೇವಣ್ಣ ಬಿದ್ದಿದ್ದ ಎತ್ತಿನ ಕಡೆ ತಿರುಗಿದ. ಮೂಗಿನಿಂದ ಇಳಿದದ್ದು ಮಣ್ಣಿನಲ್ಲಿ ಡಾಂಬರಿನಂತೆ ಹರಡಿತ್ತು.

ಅಷ್ಟರಲ್ಲಿ ರುದ್ರಸ್ವಾಮಿ ಬಂದ. ಹಿಂದೆ ಆಳುಗಳು. ಬಲಗೈಗೆ ಅರಿಶಿಣದ ಬಟ್ಟೆ ಸುತ್ತಿತ್ತು.

"ಏನ್ಲಾ ದೇವ, ಇನ್ನೂ ಕತ್ತಿ ಮಡುಗಿಲ್ವಾ? ಕಪಿಲೆ ಬಾನಿ ಅರ್ದೋಗದೆ. ಚರ್ಮ ಬೇಗ ಬೇಕು."

ಕಪಿಲೆ ಬಾನಿ ಅಂದರೆ ಬಾವಿಯಿಂದ ನೀರೆತ್ತುವ ತೊಗಲ ಚೀಲ. ಅದಕ್ಕೆ ದೊಡ್ಡ ಎತ್ತಿನ ಚರ್ಮವೇ ಆಗಬೇಕು.

ನಂಜಯ್ಯ ಎದ್ದು ನಿಂತ. "ಇದನ್ನು ಸುಲಿಯಬಾರದು. ನೆರಡಿ ಬಂದು ಸತ್ತಿದೆ. ಹೀಗೇ ಇಡಿಯಾಗಿ ಆಳದಲ್ಲಿ ಹೂಳಬೇಕು, ಮೇಲೆ ಸುಣ್ಣ ಸುರಿಯಬೇಕು. ನಿಮ್ಮ ಕೈಗೆ ಹಲ್ಲು ತಾಕಿದೆಯಂತೆ. ಇವತ್ತೇ ಕೊಳ್ಳೇಗಾಲದ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಿ."

ರುದ್ರಸ್ವಾಮಿ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ಅವನ ಬಾಯಲ್ಲಿ ಎಂದೂ ಮೇಷ್ಟ್ರು ಎಂಬ ಮಾತು ಬಂದದ್ದಿಲ್ಲ.

"ಏನ್ಲಾ ನಂಜ. ನನ್ ಕೈಗೆ ಶಾಪ ಆಕ್ತಿದ್ದೀಯ?"

"ಶಾಪ ಅಲ್ಲ. ಕಾಯಿಲೆ."

"ನಮ್ ಮನೆ ಎತ್ಗೆ ಕಾಯ್ಲೆ, ನಮ್ ಕೈಗೆ ಕಾಯ್ಲೆ. ಅಕ್ಷರ ಬತ್ತು ಅಂತ ನಮ್ಗೇ ಬುದ್ದಿ ಹೇಳಕ್ ಬಂದವ್ನೆ. ನಿಮ್ಮಣ್ಣನ ಕೈಲಿ ಆಗ್ದಿದ್ರೆ ನೀನೇ ಸುಲಿ. ನಿಮ್ಮಪ್ಪನ ಕೆಲ್ಸ ತಾನೆ? ಬಿಚ್ಲಾ ಅಂಗೀನ."

ನಂಜಯ್ಯ ಬಿಚ್ಚಲಿಲ್ಲ. ರುದ್ರಸ್ವಾಮಿ ಆಳಿನ ಕಡೆ ಗಲ್ಲ ಎತ್ತಿದ. ಆಳು ಬಂದು ಕೊರಳಪಟ್ಟಿಗೆ ಕೈ ಹಾಕಿ ಎಳೆದ. ಗುಂಡಿಗಳು ಹಾರಿದವು. ಹೆಗಲಿನಿಂದ ಸೊಂಟದವರೆಗೆ ಅಂಗಿ ಹರಿಯಿತು. ಅದನ್ನು ಅವನ ಅವ್ವ ರಾತ್ರಿಯೇ ಒಗೆದು, ಗಂಜಿ ಹಾಕಿ ಒಣಗಿಸಿದ್ದಳು. ಹೆಂಗಸರಲ್ಲಿ ಯಾರೋ ಮುಖ ತಿರುಗಿಸಿಕೊಂಡರು.

ಹೆಡ್‌ಮೇಷ್ಟ್ರು ಮೂಗಿಗೆ ಪಂಚೆಯ ಸೆರಗು ಒತ್ತಿಕೊಂಡು ಬಂದರು. ಅವರ ಹಿಂದೆ, ದೂರದ ಕಳ್ಳಿ ಬೇಲಿಯ ಆಚೆ, ಏಳನೆಯ ಕ್ಲಾಸಿನ ತಲೆಗಳು ಕಂಡವು.

"ಮೇಷ್ಟ್ರೇ, ದೊಡ್ಡವರ ಹತ್ತಿರ ತಪ್ಪಾಯಿತು ಅನ್ನಿ. ಕ್ಲಾಸಿಗೆ ನಡೆಯಿರಿ. ಇಲ್ಲಿಗೆ ಮುಗಿಸೋಣ."

"ಅನ್ನುವುದಿಲ್ಲ ಸಾರ್."

"ನಿಮ್ಮ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ."

"ಅನ್ನುವುದಿಲ್ಲ."

ಎತ್ತಿನ ಮೇಲೆ ನೊಣ ಗುಂಯ್ಗುಡುತ್ತಿತ್ತು. ದೇವಣ್ಣ ಕೂತಲ್ಲಿಂದ ಎದ್ದ. ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದ. ಕತ್ತಿಯನ್ನು ಒರೆಗೆ ಸೇರಿಸಿದ.

"ಬುದ್ದಿ, ನಾನು ಈ ಎತ್ತ ಮುಟ್ಟಕಿಲ್ಲ."

"ಏನಂದೆ?"

"ಮುಟ್ಟಕಿಲ್ಲ ಅಂದೆ. ಇದ್ನೂ ಮುಟ್ಟಕಿಲ್ಲ. ಇನ್ ಮುಂದ್ಕೆ ಸಾಯೋವ್ನೂ ಮುಟ್ಟಕಿಲ್ಲ. ನಮ್ಮಪ್ಪನ್ ತಿಂದದ್ದು ಸಾಕು."

ದೇವಣ್ಣನ ದನಿ ಏರಿರಲಿಲ್ಲ. ಹಗ್ಗ ಹಿಡಿದಿದ್ದ ಇಬ್ಬರೂ ಹಗ್ಗ ಕೆಳಗಿಟ್ಟರು. ಹೆಂಗಸರು ಖಾಲಿ ಕುಕ್ಕೆ ಎತ್ತಿಕೊಂಡರು. ಎಲ್ಲರೂ ಕೇರಿಯ ಕಡೆ ನಡೆದರು. ನಂಜಯ್ಯ ಹರಿದ ಅಂಗಿಯಲ್ಲೇ ಸ್ಕೂಲಿಗೆ ಹೋಗಿ ಉಳಿದ ಪಾಠ ಮುಗಿಸಿದ.

ಸಂಜೆಯ ಹೊತ್ತಿಗೆ ಅಂಗಡಿಯಲ್ಲಿ ಕೇರಿಯವರಿಗೆ ಉಪ್ಪು ಕೊಡಲಿಲ್ಲ. ಹೊಲದ ಕೆಲಸಕ್ಕೆ ಯಾರೂ ಬರಕೂಡದು ಎಂದು ಸಾರಿದರು. ಮೇವಿಗೆ ಊರ ಬಯಲಿಗೆ ಕಾಲಿಟ್ಟರೆ ಆಡುಗಳನ್ನು ದೊಡ್ಡಿಗೆ ಹೊಡೆಯುತ್ತೇವೆ ಎಂದರು. ಕೇರಿಯಲ್ಲಿ ಕೆಲವರು ನಂಜಯ್ಯನ ಮನೆಯ ಮುಂದೆ ಬಂದು ನಿಂತು ಬೈದರು. ಅವನು ಬಾಗಿಲಲ್ಲಿ ನಿಂತು ಬೈಸಿಕೊಂಡ. ಅವ್ವ ಗೋವಿಂದಮ್ಮ ಅವನ ಜೊತೆ ಮಾತೇ ಆಡಲಿಲ್ಲ.

ಎತ್ತು ಅಲ್ಲೇ ಇತ್ತು. ಊರಿನವರು ಮುಟ್ಟುವವರಲ್ಲ. ಕೇರಿಯವರು ಮುಟ್ಟುವುದಿಲ್ಲ ಎಂದಾಗಿತ್ತು. ಕಾಗೆಗಳು ಇಳಿಯತೊಡಗಿದವು. ಮೂಡಲಲ್ಲಿ ಮೋಡ ಕಟ್ಟುತ್ತಿತ್ತು. ಮಳೆ ಬಂದರೆ ಕೊರಕಲಿನ ನೀರು ಇಳಿಯುವುದು ಕೇರಿಯ ಕಟ್ಟೆಗೆ. ಅದನ್ನು ದನ ಕುಡಿಯುತ್ತವೆ, ಆಡು ಕುಡಿಯುತ್ತವೆ, ಮಕ್ಕಳು ಈಜುತ್ತವೆ. ನಂಜಯ್ಯ ಬೆಳಗಾಗುವವರೆಗೂ ಒಳಗೂ ಹೊರಗೂ ತಿರುಗಿದ. ಬೆಳಿಗ್ಗೆ ಗುದ್ದಲಿ ಹೆಗಲಿಗೆ ಹಾಕಿಕೊಂಡ.

ದೇವಣ್ಣ ಅಡ್ಡ ಬಂದ.

"ನೆನ್ನೆ ನನ್ ಕೈಯಿಂದ ಕತ್ತಿ ಬುಡಿಸ್ದೆ. ಇವತ್ತು ನೀನೇ ಗುದ್ಲಿ ತಕಂಡು ಓಯ್ತಾ ಇದ್ದೀಯ. ಅವ್ರ ಎತ್ತ ಊಳಕೆ. ಇದೂ ಚಾಕ್ರಿ ಅಲ್ವೇನ್ಲಾ?"

"ನನ್ನ ಯಾರೂ ಕರೀನಿಲ್ಲ ಅಣ್ಣ. ಕರ್ದಿದ್ರೆ ಓಯ್ತಿರ್ನಿಲ್ಲ."

"ಮತ್ಯಾಕೆ?"

"ಮಳೆ ಬಂದ್ರೆ ಅದು ನಮ್ ಕಟ್ಟೆಗೇ ಬತ್ತದೆ."

ದೇವಣ್ಣ ಆಕಾಶ ನೋಡಿದ. ಒಳಗೆ ಹೋದ. ಇನ್ನೊಂದು ಗುದ್ದಲಿ ಹಿಡಿದು ಬಂದ.

ಕೊರಕಲ ದಿಬ್ಬದ ಮೇಲೆ ಅಗೆಯತೊಡಗಿದರು. ನೆಲ ಗಟ್ಟಿ, ಒಳಗೆ ಕಲ್ಲು. ಅಂಗೈ ಬೊಬ್ಬೆ ಬಂದು ಒಡೆಯಿತು. ಬೆವರು ಕಣ್ಣಿಗಿಳಿದು ಉರಿಯಿತು. ನಾತ ಗಂಟಲಿಗೆ ಇಳಿಯುತ್ತಿತ್ತು. ಕೇರಿಯಿಂದ ಒಬ್ಬೊಬ್ಬರೇ ಬಂದರು. ನಿನ್ನೆ ಬೈದವರೂ ಬಂದರು.

ಸ್ಕೂಲಿನ ಗಂಟೆ ಹೊಡೆಯಿತು. ಮೇಷ್ಟ್ರು ಬರಲಿಲ್ಲ. ಏಳನೆಯ ಕ್ಲಾಸೇ ಎದ್ದು ಕೊರಕಲಿನ ಹತ್ತಿರ ಬಂತು.

ಕಳಿಸಿಬಿಡಬಹುದಿತ್ತು. ನಂಜಯ್ಯ ಕಳಿಸಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಒಂದು ಹಿಡಿ ಮಣ್ಣು ತೂರಿ ನೋಡಲು ಹೇಳಿದ. ಗಾಳಿಗೆ ಬೆನ್ನು ಕೊಟ್ಟು, ಎತ್ತಿನಿಂದ ಬಹಳ ದೂರಕ್ಕೆ ನೆಲದ ಮೇಲೆ ಗೆರೆ ಎಳೆದ. ಇದನ್ನು ದಾಟಿದವರಿಗೆ ನನ್ನ ಕ್ಲಾಸಿಲ್ಲ ಎಂದ. ಗುಂಡಿಯೊಳಗೆ ನಿಂತು, ಅಗೆಯುತ್ತಲೇ ಪಾಠ ಹೇಳಿದ. ಈ ಕಾಯಿಲೆಯ ಬೀಜ ಕಣ್ಣಿಗೆ ಕಾಣುವುದಿಲ್ಲ. ರಕ್ತದಲ್ಲಿರುತ್ತದೆ. ಚರ್ಮ ಕೊಯ್ದು ಗಾಳಿಗೆ ತೆರೆದರೆ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಮಣ್ಣಿನಲ್ಲಿ ನಿಮ್ಮ ಮಕ್ಕಳ ಕಾಲದವರೆಗೂ ಬದುಕಿರುತ್ತದೆ. ಕೊಯ್ಯದೆ ಹೂತರೆ ಒಳಗೇ ಕೊಳೆತು ಸಾಯುತ್ತದೆ.

"ಸುಣ್ಣ ಎಲ್ಲದೆ ಸಾ?" ಚನ್ನಾಜಿ ಕೇಳಿದಳು.

ಸುಣ್ಣ ಇರಲಿಲ್ಲ. ಕೇರಿಗೆ ಅಂಗಡಿಯವರು ಉಪ್ಪೇ ಕೊಡುತ್ತಿರಲಿಲ್ಲ.

ಚನ್ನಾಜಿ ಓಡಿದಳು. ಅವಳ ಮನೆಯ ಹಿತ್ತಲಲ್ಲಿ ಹೊಸ ಕೊಟ್ಟಿಗೆ ಕಟ್ಟಲು ಸುಣ್ಣದ ರಾಶಿ ಹಾಕಿದ್ದರು. ಅವಳ ಹಿಂದೆ ಹತ್ತಾರು ಹುಡುಗರು ಓಡಿದರು. ಕುಕ್ಕೆಗಳು ಬಂದವು. ಕೈಯಿಂದ ಕೈಗೆ ದಾಟಿ ಬಂದವು. ಲಿಂಗಾಯತರ ಹುಡುಗನ ಕೈಯಿಂದ ಕೇರಿಯ ಹುಡುಗನ ಕೈಗೆ, ಅವನಿಂದ ನೇಕಾರರ ಹುಡುಗಿಯ ಕೈಗೆ. ಗೊತ್ತಿಲ್ಲದೆ ಮುಟ್ಟಿಕೊಂಡರು ಎಂದಲ್ಲ. ಗೊತ್ತಿದ್ದೇ 'ಇಡ್ಕಳಾ, ಬೇಗ ಇಡ್ಕಳಾ' ಎನ್ನುತ್ತಿದ್ದರು.

ದೇವಣ್ಣ ಮತ್ತು ಕೇರಿಯ ಗಂಡಸರು ಕೈಗೆ ಗೋಣಿ ಸುತ್ತಿಕೊಂಡು, ಮೂಗಿಗೆ ಬಟ್ಟೆ ಕಟ್ಟಿ, ಗಳುಗಳಿಂದ ಎತ್ತನ್ನು ದಿಬ್ಬಕ್ಕೆ ನೂಕಿ ಗುಂಡಿಗೆ ಉರುಳಿಸಿದರು. ಸುಣ್ಣ ಸುರಿದರು. ಮಣ್ಣು ಎಳೆದರು. ಗೋಣಿಗಳನ್ನು, ಗಳುಗಳನ್ನು, ರಕ್ತ ಬಿದ್ದ ಜಾಗದ ಹುಲ್ಲನ್ನು ಸುಟ್ಟರು.

ಹೊಗೆ ಕಂಡು ರುದ್ರಸ್ವಾಮಿ ಬಂದ. ಕೇರಿಯ ಮಕ್ಕಳ ಸಾಲಿನಲ್ಲಿ ಮಗಳು ಮೊಣಕೈವರೆಗೆ ಸುಣ್ಣ ಮೆತ್ತಿಕೊಂಡು ನಿಂತಿದ್ದಳು. ಅವಳ ಜಡೆ ಹಿಡಿದು ಮನೆಯವರೆಗೆ ಎಳೆದುಕೊಂಡು ಹೋದ. ಅಂದೇ ಮೇಲಿನ ಆಫೀಸಿಗೆ ಅರ್ಜಿ ಹೋಯಿತು.

ಆ ವಾರದೊಳಗೆ ರುದ್ರಸ್ವಾಮಿಯ ಬಲಗೈಯ ಹೆಬ್ಬೆರಳ ಬುಡದಲ್ಲಿ ಗುಳ್ಳೆ ಎದ್ದಿತು. ಕಪ್ಪಾಯಿತು. ಮೊಣಕೈವರೆಗೆ ಊದಿತು. ಆಗ ಹನೂರಿನಿಂದ ಬಾಡಿಗೆ ಕಾರು ತರಿಸಿ ಕೊಳ್ಳೇಗಾಲದ ಆಸ್ಪತ್ರೆಗೆ ಹೋದ. ಪೆನ್ಸಿಲಿನ್ ಸೂಜಿ ಹಾಕಿದರು. ಗುಣವಾಗಿ ಬಂದ. ಕಾರು ಇಳಿಯುವಾಗ ಊರೆಲ್ಲ ಸೇರಿತ್ತು. ರುದ್ರಸ್ವಾಮಿ ಕೈ ಎತ್ತಿ ಗಾಯದ ಗುರುತು ತೋರಿಸಿದ. ಬೆಟ್ಟದ ಮಾದಪ್ಪ ಕಾಪಾಡಿದ ಎಂದ. ಪುಣ್ಯವಂತರು, ಸಾವಿನ ಬಾಯಿಂದ ಬಂದರು ಎಂದು ಜನ ಕಾಲಿಗೆ ಬಿದ್ದರು. ದಾರಿಯ ಬದಿ, ಕೇರಿಯವರು ನಿಲ್ಲುವ ಜಾಗದಲ್ಲಿ, ಗೋವಿಂದಮ್ಮನೂ ನಿಂತಿದ್ದಳು.

ಕೆಲವು ದಿನಕ್ಕೆ ಸ್ಕೂಲು ಇನ್ಸ್‌ಪೆಕ್ಟರು ಬಂದರು. ವಿಚಾರಣೆ ಏಳನೆಯ ಕ್ಲಾಸಿನಲ್ಲೇ ನಡೆಯಿತು. ಮಕ್ಕಳು ನೆಲದ ಮೇಲೆ, ಇನ್ಸ್‌ಪೆಕ್ಟರು ಕುರ್ಚಿಯ ಮೇಲೆ. ಪಕ್ಕದ ಕುರ್ಚಿಯಲ್ಲಿ ರುದ್ರಸ್ವಾಮಿ, ಶಾಲು ಹೊದ್ದು. ನಂಜಯ್ಯ ನಿಂತಿದ್ದ.

"ಮಕ್ಕಳ ಕೈಯಲ್ಲಿ ಹೆಣ ಹೊರಿಸಿದ್ದೀರಿ ಎಂದು ದೂರು ಬಂದಿದೆ."

"ಸುಣ್ಣ ಹೊರಿಸಿದೆ. ಹೆಣದ ಹತ್ತಿರಕ್ಕೂ ಬಿಡಲಿಲ್ಲ."

"ಪಾಠದ ಪುಸ್ತಕದಲ್ಲಿ ಇದೆಲ್ಲ ಇದೆಯೇ?"

"ಇಲ್ಲ ಸಾರ್. ಊರಲ್ಲಿದೆ."

ಇನ್ಸ್‌ಪೆಕ್ಟರು ನಿಟ್ಟುಸಿರು ಬಿಟ್ಟರು. "ನೋಡಿ, ನೀವು ಓದಿದವರು. ನಿಮ್ಮವರಲ್ಲಿ ಈ ಕೆಲಸಕ್ಕೆ ಬಂದವರೇ ಕಮ್ಮಿ. ತಪ್ಪಾಯಿತು, ಇನ್ನು ಪುಸ್ತಕದಲ್ಲಿ ಇರುವುದಷ್ಟನ್ನೇ ಕಲಿಸುತ್ತೇನೆ ಎಂದು ಬರೆದುಕೊಡಿ. ಇಲ್ಲೇ ಇರಿ."

"ಬರೆಯುವುದಿಲ್ಲ."

"ಯಾಕೆ?"

ನಂಜಯ್ಯ ರುದ್ರಸ್ವಾಮಿಯ ಕಡೆ ತಿರುಗಿದ. ಕೇರಿಯವರೆಲ್ಲ ಕರೆಯುವಂತೆ ಬುದ್ದಿ ಎಂದು ಕರೆಯಲಿಲ್ಲ.

"ರುದ್ರಸ್ವಾಮಿಯವರೇ, ಬಲಗೈ ಹೊರಗೆ ತೆಗೆಯಿರಿ. ಮಕ್ಕಳು ನೋಡಲಿ. ಇದೇ ಹುಣ್ಣು ನನ್ನ ಅಪ್ಪನ ತೋಳಿನ ಮೇಲೆ ಎದ್ದಿತ್ತು. ಆಗ ನಿಮ್ಮ ಮನೆಯವರು ಅದನ್ನು ಪಾಪ ಅಂದರು. ನಿಮಗೆ ಬಂದಾಗ ಕಾಯಿಲೆ ಆಯಿತು, ಸೂಜಿ ಸಿಕ್ಕಿತು. ವಾಸಿಯಾದ ಮೇಲೆ ಪುಣ್ಯ ಆಯಿತು. ತೆಗೆಯಿರಿ ಕೈ."

ಊರಿಗೆಲ್ಲ ಎತ್ತಿ ತೋರಿಸಿದ್ದ ಕೈಯನ್ನು ರುದ್ರಸ್ವಾಮಿ ಶಾಲಿನ ಒಳಗೆ ಇನ್ನಷ್ಟು ಎಳೆದುಕೊಂಡ. ಇನ್ಸ್‌ಪೆಕ್ಟರು ಶಾಲನ್ನೇ ನೋಡುತ್ತಿದ್ದರು. ಮೂಲೆಯಲ್ಲಿ ಚನ್ನಾಜಿ ಎದ್ದು ನಿಂತಳು. ಮುಖದ ಮೇಲೆ ಪೆಟ್ಟಿನ ಕಂದು ಇನ್ನೂ ಆರಿರಲಿಲ್ಲ.

"ತೋರ್ಸಪ್ಪ," ಅಂದಳು.

ರುದ್ರಸ್ವಾಮಿ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಅವನು ಹೊರಗೆ ಹೋದ ಮೇಲೂ ಯಾರೂ ಅದನ್ನು ಎತ್ತಿ ನಿಲ್ಲಿಸಲಿಲ್ಲ.

ವರ್ಗದ ಆದೇಶ ಬಂದೇ ಬಂತು. ರಾಮಾಪುರದ ಆಚೆ, ಕಾಡಿನೊಳಗಿನ ಊರು. ಕಾರಣ ಆಡಳಿತದ ಅನುಕೂಲ. ಕೇರಿಗೆ ಹೊಲದ ಕೆಲಸ ಮತ್ತೆ ಸಿಗಲಿಲ್ಲ. ದೇವಣ್ಣ ಮತ್ತು ಉಳಿದವರು ಹನೂರಿನ ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯಲು ಹೋಗತೊಡಗಿದರು. ಕೈ ಒಡೆಯಿತು, ಬೆನ್ನು ಬಿತ್ತು. ಆದರೆ ಆ ಮಳೆಗಾಲದಲ್ಲಿ ಊರಿನಲ್ಲಿ ಸತ್ತ ದನಗಳನ್ನು ಊರಿನವರೇ ಗಾಡಿಗೆ ಹಾಕಿ ಸಾಗಿಸಿದರು. ಹೂತರೋ ಬಿಸಾಕಿದರೋ ನಂಜಯ್ಯನಿಗೆ ತಿಳಿಯಲಿಲ್ಲ. ಅದು ಅವನನ್ನು ಕೊರೆಯುತ್ತಲೇ ಇತ್ತು.

ಹೊರಡುವ ದಿನ ಬೆಳಿಗ್ಗೆ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದ. ದೇವಣ್ಣ ಮುದ್ದೆ ಮುರಿಯುತ್ತ ಕೂತಿದ್ದ. ಅಷ್ಟು ದಿನ ಮಾತಾಡದಿದ್ದ ಗೋವಿಂದಮ್ಮ ಒಲೆಯ ಮುಂದಿನಿಂದ ಕೇಳಿದಳು.

"ನಂಜಯ್ಯ, ಆವತ್ತು ಬುದ್ದಿಯೋರು ಕಾರಿಂದ ಇಳಿವಾಗ ನಾ ನೋಡ್ದೆ. ಎಬ್ಬೆಟ್ ತಾವ. ನಿಮ್ಮಪ್ಪುಂದೂ ಅಂಗೇ ಇತ್ತು. ನಡುವೆ ಕರ್ರಗೆ, ಸುತ್ತ ಗುಂಡುಗೆ."

"ಅದೇ ಕಾಯ್ಲೆ ಕಣವ್ವ."

"ಅವ್ರು ಮಾರಮ್ಮುಂಗೆ ಏನ್ ತಪ್ ಮಾಡಿದ್ರು?"

"ಏನೂ ಇಲ್ಲ. ಎತ್ತಿನ ಅಲ್ಲು ತಾಕ್ತು."

"ನಿಮ್ಮಪ್ಪ?"

"ಅಪ್ಪನೂ ಏನೂ ಮಾಡ್ನಿಲ್ಲ. ಸುಲಿ ಅಂದ್ರು, ಸುಲೀತು."

ಅವಳು ಬೆಂಕಿ ನೋಡುತ್ತ ಕೂತಳು. ಗಂಡ ಸತ್ತಾಗ, ಅವನ ಪಾಪಕ್ಕೆ ನೀನು ಬದುಕಿರುವವರೆಗೂ ಮಂಗಳವಾರ ಉಣ್ಣಬೇಡ, ಇಲ್ಲದಿದ್ದರೆ ಮಕ್ಕಳಿಗೆ ಸುತ್ತಿಕೊಳ್ಳುತ್ತದೆ ಎಂದು ರುದ್ರಸ್ವಾಮಿಯ ಮನೆಯಿಂದ ಹೇಳಿ ಕಳಿಸಿದ್ದರು. ಅವಳು ಉಂಡಿರಲಿಲ್ಲ. ಆಗ ಬಸುರಿಯಾಗಿದ್ದಳು, ಆದರೂ ಉಣ್ಣಲಿಲ್ಲ. ಆ ಕೂಸು ನಿಲ್ಲಲಿಲ್ಲ. ನಾಟಿ ಮಾಡಿ ಸೊಂಟ ಬಿದ್ದ ದಿನವೂ ಉಣ್ಣಲಿಲ್ಲ. ಇವತ್ತೂ ಮಂಗಳವಾರ.

ಗೋವಿಂದಮ್ಮ ತಟ್ಟೆ ಎಳೆದುಕೊಂಡಳು. ಒಂದು ಮುದ್ದೆ ಹಾಕಿಕೊಂಡಳು. ಮೇಲೆ ಹುರುಳಿ ಸಾರು ಬಿಟ್ಟುಕೊಂಡಳು. ಮುರಿದು, ಅದ್ದಿ, ನುಂಗಿದಳು. ಮಕ್ಕಳಿಬ್ಬರೂ ಕೈ ನಿಲ್ಲಿಸಿ ಅವಳನ್ನೇ ನೋಡಿದರು. ಅವಳು ತಲೆ ಎತ್ತಲಿಲ್ಲ. ತಟ್ಟೆ ಖಾಲಿಯಾಗುವವರೆಗೂ ಉಂಡಳು.

"ಇಸ್ಟ್ ವರ್ಸ ನನ್ನ ಸುಮ್ ಸುಮ್ನೆ ಅಸಿದು ಮಲಗುಸುದ್ರು," ಅಂದಳು. "ದೇವ, ಆ ಇನ್ನೊಂದು ಮುದ್ದೆ ಇತ್ತ ಕೊಡು."